ಬೆಳೆದ ಮಕ್ಕಳ ದತ್ತಕವೂ ಚಿತ್ರಪುಸ್ತಕಗಳೂ

ಸಂತಾನವಿಲ್ಲದ ಮನೆಗೆ ಅನ್ಯರ ಮಗುವನ್ನು ತಂದು ಸಾಕುವುದು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದ ಆಚಾರ. ಆದರೆ ತೊಟ್ಟಿಲ ಶಿಶುವನ್ನು ತರುವುದಕ್ಕೂ, ಹೆತ್ತವಳ ಮುಖವನ್ನೂ ಹಿತ್ತಲ ಮರವನ್ನೂ ಬಲ್ಲ ಏಳೆಂಟು ವರ್ಷದ ಮಗುವನ್ನು ತರುವುದಕ್ಕೂ ಬಹಳ ಅಂತರವುಂಟು. ಶಾಸ್ತ್ರಕಾರರು ಇದನ್ನು ಅರಿಯದವರಲ್ಲ. ನಂದಪಂಡಿತನು ದತ್ತಕಮೀಮಾಂಸೆಯಲ್ಲಿ ಕಾಲಿಕಾಪುರಾಣದ್ದೆಂಬ ವಚನವೊಂದನ್ನು ಹಿಡಿದು, ಐದು ವರ್ಷ ಮೀರಿದವನು ದತ್ತಪುತ್ರನಾಗಲಾರನೆಂದನು. ವ್ಯವಹಾರಮಯೂಖದ ಕರ್ತೃವಾದ ನೀಲಕಂಠಭಟ್ಟನಾದರೋ, ಆ ವಚನವು ಪುರಾಣದ ಎರಡು ಮೂರು ಪ್ರತಿಗಳಲ್ಲಿ ಕಾಣದೆಂದು ಹೇಳಿ ಅದನ್ನು ನಂಬತಕ್ಕದ್ದಲ್ಲವೆಂದನು.

ಇವರಿಬ್ಬರಿಗಿಂತ ಎಷ್ಟೋ ಹಿಂದಿನದು ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆ. ತಂದೆಯಾದ ಅಜೀಗರ್ತನು ನೂರು ಗೋವುಗಳಿಗೆ ಈತನನ್ನು ಮಾರಿದನು. ಯಜ್ಞಸ್ತಂಭದಿಂದ ಪಾರಾದ ಬಾಲಕನು ವಿಶ್ವಾಮಿತ್ರನ ತೊಡೆಯೇರಿ ಕುಳಿತನು. ತಂದೆ ಮರಳಿ ಕರೆದರೂ ಹೋಗಲಿಲ್ಲ. ಆದರೂ ಅಂಗಿರಸ ಕುಲದ ತಾನು ಹೇಗೆ ಆತನ ಮಗನಾಗಬಹುದೆಂದು ಕೇಳಿದನು. ವಿಶ್ವಾಮಿತ್ರನು ಆತನಿಗೆ ದೇವರಾತನೆಂದು ಹೆಸರಿಟ್ಟು ಜ್ಯೇಷ್ಠಪದವಿಯನ್ನು ಕೊಟ್ಟನು. ಆತನ ನೂರೊಂದು ಮಕ್ಕಳಲ್ಲಿ ಹಿರಿಯ ಐವತ್ತು ಮಂದಿ ಒಪ್ಪಲಿಲ್ಲ. ಮಧುಚ್ಛಂದಸನೇ ಮೊದಲಾದವರು ಒಪ್ಪಿದರು. ಮಗುವಿನ ಇಚ್ಛೆ, ಹಳೆಯ ಕುಲದ ನೆನಪು, ಹೊಸ ಒಡಹುಟ್ಟಿದವರ ಅಸೂಯೆ, ಇವೆಲ್ಲವೂ ಆ ಪುರಾತನ ಕಥೆಯಲ್ಲಿಯೇ ಇವೆ.

ದುರ್ಗದ ಸೀಮೆಗೂ ಈ ವಿಷಯ ಹೊರಗಿನದಲ್ಲ. 1754ರಲ್ಲಿ ಕಸ್ತೂರಿ ರಂಗಪ್ಪನಾಯಕನು ಸಂತಾನವಿಲ್ಲದೆ ತೀರಿಕೊಳ್ಳಲು, ಜಾನಕಲ್ಲಿನ ಭರಮಪ್ಪನಾಯಕನ ಮಗ ಮದಕರಿಯನ್ನು ತಂದು ಪಟ್ಟಗಟ್ಟಿದರು. ಆಗ ಆತನಿಗೆ ಸುಮಾರು 12 ವರ್ಷ. 1779ರಲ್ಲಿ ಕೋಟೆಯು ಹೈದರನ ವಶವಾಗುವವರೆಗಿನ ಆತನ ಶೌರ್ಯವನ್ನು ನಾಡು ಹಾಡಿದೆ, ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಆದರೆ ಹೆತ್ತ ಮನೆಯನ್ನು ಬಿಟ್ಟು ಏಳು ಸುತ್ತಿನ ಕೋಟೆಯನ್ನು ಹೊಕ್ಕ ಬಾಲಕನ ಮೊದಲ ರಾತ್ರಿಯನ್ನು ಯಾವ ಶಾಸನವೂ ಬರೆದಿಡುವುದಿಲ್ಲ. ಸಿಂಹಾಸನಕ್ಕೆ ಉತ್ತರಾಧಿಕಾರಿ ಬೇಕಾಗಿತ್ತು. ಮಗುವಿಗೆ ಏನು ಬೇಕಾಗಿತ್ತೆಂದು ಕೇಳುವ ಕಾಲ ಅದಾಗಿರಲಿಲ್ಲ.

ಆ ಪ್ರಶ್ನೆ ಈಗ ನ್ಯಾಯವಿಧಿಯನ್ನೂ ಪ್ರವೇಶಿಸಿದೆ. 1956ರ ಹಿಂದೂ ದತ್ತಕ ಕಾಯಿದೆಯು, ಬೇರೆ ರೂಢಿಯಿಲ್ಲದಿದ್ದಲ್ಲಿ, 15 ವರ್ಷ ತುಂಬದ ಮಕ್ಕಳ ದತ್ತಕಕ್ಕೆ ಅವಕಾಶವಿತ್ತಿತು. 2017ರ ನಿಯಮಗಳು ಬಂಧುಗಳ ದತ್ತಕದಲ್ಲಿ ಐದು ವರ್ಷ ತುಂಬಿದ ಮಗುವಿನ ಒಪ್ಪಿಗೆಯನ್ನೂ ಕೇಳಿದವು. ನಂದಪಂಡಿತನು ಬಾಗಿಲನ್ನು ಮುಚ್ಚಿದ ವಯಸ್ಸಿನಲ್ಲಿಯೇ ಹೊಸ ಕಾಲವು ಮಗುವಿನ ಬಾಯಿಯನ್ನು ತೆರೆಯಿಸಿತು.

ಆದರೆ ಒಪ್ಪಿಗೆಯ ಮಾತಿನಿಂದಲೇ ಮನಸ್ಸು ಬಿಚ್ಚದು. ಇಲ್ಲಿಯೇ ಚಿತ್ರಪುಸ್ತಕದ ಪ್ರಯೋಜನ. ಯುರೋಪಿನಲ್ಲಿ ಕೊಮೆನಿಯಸ್ ಪಂಡಿತನು 1658ರಲ್ಲಿ ಮಕ್ಕಳಿಗಾಗಿ ಚಿತ್ರಪಾಠವನ್ನು ಅಚ್ಚು ಹಾಕಿಸಿದನು. ಕನ್ನಡದಲ್ಲಿ ಶಿವರಾಮ ಕಾರಂತರ ‘ಬಾಲಪ್ರಪಂಚ’ವು 1936ರಲ್ಲಿ ಚಿತ್ರಗಳೊಡನೆ ಜಗತ್ತನ್ನು ತೋರಿಸಿತು. ಅಮರಚಿತ್ರಕಥೆಯ ಮಾಲೆಯಲ್ಲಿ 11ನೆಯ ಸಂಖ್ಯೆ ಪಡೆದ ಪುಸ್ತಕವು ಕೃಷ್ಣನದು. ದೇವಕಿ ಹೆತ್ತು ಯಶೋದೆ ಸಾಕಿದ ಕಂದನನ್ನು ಅದು ಮನೆಮನೆಗೆ ತಲುಪಿಸಿತು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಅಲ್ಪಬೆಲೆಯ ಕನ್ನಡ ಚಿತ್ರಪುಸ್ತಕಗಳನ್ನು ಹರಡಿತು.

ಯಶೋದೆಯ ಕಥೆ ಎಷ್ಟು ಮಧುರವಾದರೂ, ಕೃಷ್ಣನು ಗೋಕುಲಕ್ಕೆ ಬಂದುದು ಹುಟ್ಟಿದ ರಾತ್ರಿ. ಬೆಳೆದು ಬಂದ ಮಗುವಿಗೆ ಶುನಃಶೇಪನೇ ಹತ್ತಿರದವನು. ಅಂಥ ಮಗುವಿನೊಡನೆ ಕುಳಿತು ಅದರದೇ ಬಾಳಿನ ಪುಸ್ತಕವನ್ನು ಬರೆಯುವ ಪದ್ಧತಿಯೊಂದು ಅನೇಕ ದೇಶಗಳಲ್ಲಿ ಬಳಕೆಗೆ ಬಂದಿದೆ: ಹುಟ್ಟಿದ ಊರು, ಮೊದಲ ಮನೆ, ಜೊತೆಯಲ್ಲಿದ್ದವರು, ಹೊಸ ಮನೆಗೆ ಬಂದ ದಿನ, ಎಲ್ಲವೂ ಅದರಲ್ಲಿ ಕ್ರಮವಾಗಿ ಬರುತ್ತವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಲ್ಲಿಯೂ ಇದು ಅಸಾಧ್ಯವಲ್ಲ. ಬಿಳಿಯ ಕಾಗದ, ಬಣ್ಣದ ಕಡ್ಡಿ, ಆತುರವಿಲ್ಲದ ಸಂಜೆ ಇಷ್ಟಿದ್ದರೆ ಸಾಕು. ಆ ಪುಸ್ತಕದ ಮೊದಲ ಪುಟವನ್ನು ಹೆತ್ತ ಮನೆಗೆ ಬಿಟ್ಟುಕೊಡಲು ಸಾಕಿದವರು ಅಂಜಬಾರದು. ಹಳೆಯ ಹೆಸರನ್ನು ಅಳಿಸಿದಲ್ಲಿ ಮಗು ಮೌನವಾಗುವುದು. ಅದನ್ನು ಉಳಿಸಿದಲ್ಲಿ ಹೊಸ ಹೆಸರಿಗೂ ಓಗೊಡುವುದು.