ಕೊಂದವರು ಯಾರೆಂದು ಮೊದಲೇ ಗೊತ್ತಿರುವ ಕೊಲೆಯ ಕಥೆ

ಇಬ್ಬರು ಗೆಳೆಯರು ಸದಾ ಜೋಡಿಯಾಗಿ ತಿರುಗಾಡಿದರೆ ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ‘ಸಂಗ್ಯಾ ಬಾಳ್ಯಾ ಹೊಂಟ್ರು ನೋಡ್ರಿ’ ಅಂತ ಚಾಷ್ಟಿ ಮಾಡುತ್ತಾರೆ. ಅಂದವರಿಗೂ ಅನ್ನಿಸಿಕೊಂಡವರಿಗೂ ಅದು ಪ್ರೀತಿಯ ಮಾತು. ಆದರೆ ಕಥೆಯ ಕೊನೆ ನೆನಪಿದ್ದವರು ಆ ಹೆಸರನ್ನು ಯಾವ ಗೆಳೆಯರಿಗೂ ಇಡಲಾರರು. ಸಂಗ್ಯಾನನ್ನು ಕೊಲ್ಲುವವರ ಕೈಗೆ ಒಪ್ಪಿಸಿದವನು ಬಾಳ್ಯಾನೇ.

ಈಗ ಹಳೇ ಕಾಲದ ಕೊಲೆಯ ಸಿನಿಮಾಗಳಿಗೆ ಒಳ್ಳೆಯ ಬೇಡಿಕೆ ಇದೆ. 2019ರಲ್ಲಿ ಬಂದ ಹೇಮಂತ್ ರಾವ್ ಅವರ ‘ಕವಲುದಾರಿ’ಯನ್ನು ನಮ್ಮ ಓದುಗರಲ್ಲಿ ಬಹಳ ಮಂದಿ ಮೊಬೈಲಿನಲ್ಲೇ ನೋಡಿರುತ್ತೀರಿ. ನೆಲ ಅಗೆಯುವಾಗ ಸಿಕ್ಕ ಮೂಳೆಗಳು, ತುರ್ತು ಪರಿಸ್ಥಿತಿ ಕಾಲದ ಒಂದು ಕುಟುಂಬದ ಕಥೆ, ಟ್ರಾಫಿಕ್ ಪೊಲೀಸ್ ಆಗಿ ರಿಷಿ, ನಿವೃತ್ತ ಪೊಲೀಸ್ ಆಗಿ ಅನಂತ್ ನಾಗ್. ಕೊಂದವರು ಯಾರು ಅನ್ನುವುದನ್ನು ಕೊನೆಯವರೆಗೆ ಮುಚ್ಚಿಡುವುದೇ ಅಂಥ ಸಿನಿಮಾದ ಬಂಡವಾಳ. ಯಾರಾದರೂ ಮೊದಲೇ ಬಾಯಿಬಿಟ್ಟರೆ ಅರ್ಧ ರುಚಿ ಹೋಯಿತು.

ನಮ್ಮ ಭಾಗದ ದೊಡ್ಡ ಕೊಲೆಯ ಕಥೆಗೆ ಆ ಭಯವೇ ಇಲ್ಲ. ಆಟ ಶುರುವಾಗುವ ಮೊದಲೇ ಚಾಪೆ ಹಾಸಿಕೊಂಡು ಕೂತವರಿಗೆ ಸಾಯುವವನು ಯಾರು, ಸಾಯಿಸುವವರು ಯಾರು ಎಲ್ಲವೂ ಗೊತ್ತು. ಆದರೂ ಬೆಳಗಾಗುವವರೆಗೆ ಯಾರೂ ಏಳುವುದಿಲ್ಲ. ಅದು ಯಾಕೆ ಅನ್ನುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

‘ಸಂಗ್ಯಾ ಬಾಳ್ಯಾ’ ಉತ್ತರ ಕರ್ನಾಟಕದ ಸಣ್ಣಾಟ. ಬ್ರಿಟಿಷರ ಆಡಳಿತವಿದ್ದಾಗ, 19ನೇ ಶತಮಾನದಲ್ಲಿ, ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆಯಿಂದ ಈ ಆಟ ಹುಟ್ಟಿತು ಎಂದು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಕಟ್ಟಿದವರು ಬೈಲವಾಡದ ಪತ್ತಾರ ಮಾಸ್ತರರು ಎಂಬ ಮಾತೂ ಇದೆ. ಕಿತ್ತೂರು ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡದ್ದು ಇದೇ ಬೈಲಹೊಂಗಲದಲ್ಲಿ. ಆಗ ಬೆಳಗಾವಿ ಕಡೆಯೂ ನಮ್ಮ ಕಡೆಯೂ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದವು. ಹಾವೇರಿ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ, ಅಲ್ಲಿಯವರೆಗೆ ನಾವೆಲ್ಲ ಧಾರವಾಡ ಜಿಲ್ಲೆಯವರೇ. ಹಾಗಾಗಿ ಈ ಕಥೆ ನಮಗೆ ಪರಊರಿನದೇನಲ್ಲ, ಧಾರವಾಡ ದಾಟಿದರೆ ಸಿಗುವ ನೆರೆಯ ಸೀಮೆಯದು.

ಕಥೆ ಚಿಕ್ಕದು. ಉಳ್ಳವರ ಮನೆಯ ಹುಡುಗ ಸಂಗ್ಯಾ. ಅವನ ಜೀವದ ಗೆಳೆಯ ಬಾಳ್ಯಾ. ವ್ಯಾಪಾರಿ ಈರಣ್ಣನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನ ಮನಸ್ಸು ಹೋಗುತ್ತದೆ. ಗಂಗಿ ಮೊದಲು ಒಪ್ಪುವುದಿಲ್ಲ. ನಡುವೆ ಒಬ್ಬ ಮುದುಕಿ ಓಡಾಡುತ್ತಾಳೆ, ಈರಣ್ಣ ವ್ಯಾಪಾರಕ್ಕೆ ಹೋದಾಗ ಸಂಬಂಧ ಬೆಳೆಯುತ್ತದೆ. ಈರಣ್ಣನಿಗೆ ಗೊತ್ತಾಗುತ್ತದೆ. ಅವನು ತಮ್ಮಂದಿರನ್ನು ಕೂಡಿಸುತ್ತಾನೆ, ಆಸೆ ತೋರಿಸಿ ಬಾಳ್ಯಾನನ್ನು ಒಳಗೆ ಹಾಕಿಕೊಳ್ಳುತ್ತಾನೆ. ಗೆಳೆಯನ ಮಾತು ನಂಬಿ ಹೋದ ಸಂಗ್ಯಾ ಮರಳಿ ಬರುವುದಿಲ್ಲ.

ಇದರಲ್ಲಿ ‘ವ್ಯಾಪಾರಕ್ಕೆ ಹೋದಾಗ’ ಅನ್ನುವ ಮಾತನ್ನು ಇವತ್ತಿನವರು ಸುಮ್ಮನೆ ದಾಟಿಬಿಡುತ್ತೇವೆ. ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡು ಹೊರಟರೆ ಇವತ್ತು ಡ್ರೈವರ್ ಎಲ್ಲಿದ್ದಾನೆ ಅಂತ ಫೋನಿನಲ್ಲೇ ಗೊತ್ತಾಗುತ್ತದೆ. ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೇಲೆ ಹರಿಹರಕ್ಕೆ ರೈಲು ಬಂದದ್ದು 1880ರ ದಶಕದಲ್ಲಿ. ಅದಕ್ಕೂ ಮೊದಲು ಹತ್ತಿಯೋ ಅರಿವೆಯೋ ಕಾಳೋ, ಎಲ್ಲ ಎತ್ತಿನ ಬಂಡಿಯ ಮೇಲೇ ಹೋಗಬೇಕು. ಬಂಡಿ ಕಟ್ಟಿಕೊಂಡು ದೂರದ ಪೇಟೆಗೆ ಹೋದ ಗಂಡ ವಾರಗಟ್ಟಲೆ ಬಾರದೆ ಇರುವುದು ಸಾಮಾನ್ಯ. ಬದುಕಿದ್ದಾನೋ ಇಲ್ಲವೋ ಅನ್ನುವ ಸುದ್ದಿಯೂ ಇಲ್ಲ. ಗಂಗಿಯ ಒಂಟಿತನಕ್ಕೆ ಈ ದಾರಿಯ ಉದ್ದವೂ ಕಾರಣ. ಆಟ ನೋಡುತ್ತಿದ್ದ ಹೆಂಗಸರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ರಾಜರು, ರಾಕ್ಷಸರು. ಸಣ್ಣಾಟದಲ್ಲಿ ಪಟಗ ಸುತ್ತಿದವರು, ಇಳಕಲ್ ಸೀರೆ ಉಟ್ಟವರು, ನಮ್ಮ ಓಣಿಯವರೇ. ಪಾತ್ರ ಹಾಡುತ್ತದೆ, ಹಿಮ್ಮೇಳ ಅದನ್ನು ಎತ್ತಿಕೊಂಡು ಮತ್ತೊಮ್ಮೆ ಹಾಡುತ್ತದೆ, ಆಮೇಲೆ ಅದೇ ವಿಷಯ ಮಾತಿನಲ್ಲಿ ಬರುತ್ತದೆ. ಹೀಗೆ ಒಂದೇ ಸಂಗತಿಯನ್ನು ಮೂರು ಸಲ ಕೇಳುವಾಗ ‘ಮುಂದೇನಾಯಿತು’ ಅನ್ನುವ ಅವಸರ ಇಳಿದು ‘ಇವನು ಯಾಕೆ ಹೀಗೆ ಮಾಡಿದ’ ಅನ್ನುವ ಕಡೆ ಮನಸ್ಸು ತಿರುಗುತ್ತದೆ. ನಮ್ಮ ಪ್ರಕಾರ ಈ ಆಟದ ನಿಜವಾದ ಒಗಟು ಅಲ್ಲೇ ಇದೆ. ಕೊಂದವರು ಯಾರು ಅಂತ ಯಾರೂ ಕೇಳುವುದಿಲ್ಲ. ಗೆಳೆಯನ ಬಾಯಿಂದ ಆ ಸುಳ್ಳು ಹೇಗೆ ಹೊರಬಿತ್ತು ಅನ್ನುವುದಕ್ಕೆ ಮಾತ್ರ ಪ್ರತಿ ಸಲವೂ ಹೊಸದಾಗಿ ಉತ್ತರ ಹುಡುಕಬೇಕು.

ಚಂದ್ರಶೇಖರ ಕಂಬಾರರು ಈ ಆಟವನ್ನು ಓದುವ ಜನರಿಗೂ ನಗರದ ರಂಗಭೂಮಿಗೂ ತಲುಪಿಸಿದರು. 1992ರಲ್ಲಿ ಅದು ಸಿನಿಮಾ ಆಯಿತು. ನಿರ್ದೇಶಕರು ಸುಂದರಕೃಷ್ಣ ಅರಸ್. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಸಿನಿಮಾದಲ್ಲಿ ಶಂಕರ್ ನಾಗ್ ಎದುರು ಪೆರಮಾಡಿಯಾಗಿ ನಿಂತವರು, ಆ ಗಡಸು ದನಿಯವರು ಅಂದರೆ ಥಟ್ಟನೆ ನೆನಪಾಗುತ್ತದೆ. ‘ಸಂಗ್ಯಾ ಬಾಳ್ಯಾ’ದ ಮುಖ್ಯ ಪಾತ್ರಗಳಲ್ಲಿ ರಾಮಕೃಷ್ಣ, ವಿಜಯಕಾಶಿ, ಭವ್ಯ ಇದ್ದರು.

ಪರದೆಗೆ ಬಂದಾಗ ಇಂಥ ಆಟ ಒಂದನ್ನು ಕಳೆದುಕೊಳ್ಳುತ್ತದೆ, ಒಂದನ್ನು ಗಳಿಸುತ್ತದೆ. ಕಳೆದುಕೊಳ್ಳುವುದು ಹಿಮ್ಮೇಳವನ್ನು. ಅಟ್ಟದ ಮೇಲೆ ಬಾಳ್ಯಾ ಮೋಸದ ಮಾತಾಡುವಾಗ ಅವನ ಹಿಂದೆ ನಾಲ್ಕು ಮಂದಿ ಸಾಕ್ಷಿಗಳಂತೆ ನಿಂತಿರುತ್ತಾರೆ. ಸಿನಿಮಾದಲ್ಲಿ ಅವನು ಒಬ್ಬನೇ. ಗಳಿಸುವುದು ಮುಖವನ್ನು. ಬಯಲಾಟದಲ್ಲಿ ದೂರ ಕೂತವರಿಗೆ ನಟನ ಕೈ, ಕಾಲು, ದನಿ ಅಷ್ಟೇ. ಕ್ಯಾಮೆರಾ ಕಣ್ಣಿನ ಹತ್ತಿರ ಹೋಗುತ್ತದೆ. ಸಂಗ್ಯಾನ ಪಾತ್ರ ಮಾಡುವವನು ಪ್ರೇಮ, ಸಂಕಟ, ಸಾವು ಮೂರನ್ನು ನಿಭಾಯಿಸಿದರೆ ಗೆದ್ದ. ಬಾಳ್ಯಾನಿಗೆ ಅಷ್ಟು ಸಲೀಸಿಲ್ಲ. ಮೊದಲರ್ಧ ಅವನು ನಗಿಸಬೇಕು, ನಮಗೂ ಗೆಳೆಯನಾಗಬೇಕು. ಅವನು ಮೊದಲೇ ಖಳನ ಹಾಗೆ ಹುಬ್ಬು ಗಂಟಿಕ್ಕಿಕೊಂಡರೆ ಕಥೆ ಅಲ್ಲೇ ಸತ್ತಂತೆ. ಅವನ ನಗು ನಿಜವಾಗಿದ್ದರೆ ಮಾತ್ರ ಅವನ ಮೋಸ ನಮಗೆ ತಾಗುತ್ತದೆ.

ಇದೇ ತ್ರಿಕೋನದ ಇನ್ನೊಂದು ಕೊಲೆ ದೇಶಕ್ಕೆಲ್ಲ ಗೊತ್ತು. 1959ರ ಏಪ್ರಿಲ್ 27ರಂದು ಮುಂಬೈಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ, ಹೆಂಡತಿಯ ಜೊತೆ ಸಂಬಂಧವಿದ್ದ ಪ್ರೇಮ್ ಅಹುಜಾನನ್ನು ಗುಂಡಿಕ್ಕಿ ಕೊಂದರು. ಹೆಂಡತಿ ವಿಷಯ ಹೇಳಿದ ಮೇಲೆ ಅವಳನ್ನೂ ಮಕ್ಕಳನ್ನೂ ಸಿನಿಮಾ ಟಾಕೀಸಿಗೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ತಂದು, ಆಮೇಲೆ ಅಹುಜಾನ ಮನೆಗೆ ಹೋಗಿದ್ದರು. ಥಟ್ಟನೆ ಕೆರಳಿ ಕೊಂದದ್ದೋ, ಯೋಚಿಸಿ ಕೊಂದದ್ದೋ ಅನ್ನುವುದೇ ವಾದ. ಜ್ಯೂರಿಯ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನಿರ್ದೋಷಿ ಅಂದರು. ಹೈಕೋರ್ಟ್ ಒಪ್ಪದೆ ಜೀವಾವಧಿ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 1964ರಲ್ಲಿ ಕ್ಷಮಾದಾನ ಸಿಕ್ಕಿತು.

ಆ ಪ್ರಕರಣದ ಎಳೆ ಹಿಡಿದು 2016ರಲ್ಲಿ ‘ರುಸ್ತುಂ’ ಬಂತು. ಅಕ್ಷಯ್ ಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಬಿಳಿ ಸಮವಸ್ತ್ರ, ಅಲುಗಾಡದ ಮುಖ, ಕೋರ್ಟಿನಲ್ಲಿ ತನ್ನ ವಾದ ತಾನೇ ಮಾಡುವ ಗತ್ತು, ಎಲ್ಲ ಚೆನ್ನಾಗಿದೆ. ಆದರೆ ಕಥೆಯಲ್ಲಿ ರಕ್ಷಣಾ ಇಲಾಖೆಯ ಲಂಚದ ತಿರುವು ಸೇರಿಸಿ, ಕೊಂದ ಗಂಡನನ್ನು ದೇಶಭಕ್ತನನ್ನಾಗಿ ಮಾಡಿದ್ದಾರೆ. ಸತ್ತವನ ಬಗ್ಗೆ ಮರುಗಲು ನೋಡುವವರಿಗೆ ಜಾಗವೇ ಇಲ್ಲ. ನಮ್ಮ ಸಣ್ಣಾಟದಲ್ಲಿ ಇದು ತಿರುವುಮುರುವು. ಆಟಕ್ಕೆ ಗಂಡನ ಹೆಸರಿಲ್ಲ, ಸತ್ತವನದೂ ಅವನನ್ನು ಸಾಯಲು ಬಿಟ್ಟವನದೂ ಹೆಸರಿದೆ. ಸಂಗ್ಯಾ ಮಾಡಿದ್ದು ಸರಿ ಅಂತ ಆಟ ಹೇಳುವುದಿಲ್ಲ. ಅವನು ಸತ್ತಾಗ ಮಾತ್ರ ಜನ ಅಳುತ್ತಾರೆ. ತಪ್ಪು ಮಾಡಿದವನಿಗೂ ಅಳಬಹುದು ಅನ್ನುವಷ್ಟು ಧೈರ್ಯ ಓದುಬರಹವಿಲ್ಲದ ಜನರ ಆಟಕ್ಕಿತ್ತು, ಕೋಟಿಗಟ್ಟಲೆ ಹಣ ಹಾಕಿದ ಸಿನಿಮಾಕ್ಕೆ ಬರಲಿಲ್ಲ.

ಇನ್ನು ಗಂಗಿ. 1862ರಿಂದ ಜಾರಿಯಾದ ಭಾರತೀಯ ದಂಡ ಸಂಹಿತೆಯ 497ನೇ ಕಲಮಿನಲ್ಲಿ ಪರರ ಹೆಂಡತಿಯ ಸಂಗ ಮಾಡಿದ ಗಂಡಸಿಗೆ ಐದು ವರ್ಷದವರೆಗೆ ಶಿಕ್ಷೆ ಇತ್ತು, ಹೆಂಗಸಿಗೆ ಇರಲಿಲ್ಲ. ದಯೆ ತೋರಿದಂತೆ ಕಾಣುತ್ತದೆ. ಆದರೆ ಗಂಡನ ಒಪ್ಪಿಗೆ ಇದ್ದರೆ ಅದು ಅಪರಾಧವೇ ಅಲ್ಲ ಅಂತಲೂ ಅದರಲ್ಲೇ ಇತ್ತು. ಅಂದರೆ ಹೆಂಡತಿ ಗಂಡನ ಸೊತ್ತು, ಹೊಲದ ಬದುವಿನ ತಕರಾರಿನ ಹಾಗೆ. ಸುಪ್ರೀಂ ಕೋರ್ಟ್ ಆ ಕಲಮನ್ನು ತೆಗೆದುಹಾಕಿದ್ದು 2018ರ ಸೆಪ್ಟೆಂಬರ್ 27ರಂದು. ಕಾನೂನು ಒಂದೂವರೆ ಶತಮಾನ ಅವಳಂಥವರನ್ನು ಏನೂ ಕೇಳಲಿಲ್ಲ. ಸಣ್ಣಾಟ ಕೇಳಿತು. ಒಲ್ಲೆ ಅನ್ನುವುದಕ್ಕೂ, ಆಮೇಲೆ ಮನಸ್ಸು ಕೊಡುವುದಕ್ಕೂ ಅವಳಿಗೆ ಹಾಡು ಕೊಟ್ಟಿತು. ಶ್ರೀಕೃಷ್ಣ ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಹೆಸರು ಮಾಡಿದ ಸೀಮೆ ಇದು. ಹೆಣ್ಣಿನ ದನಿಯನ್ನು ಹೆಣ್ಣೇ ಹಾಡಿದಾಗ ಗಂಗಿ ಕೆಟ್ಟವಳು ಅಂತ ತೀರ್ಪು ಕೊಟ್ಟು ಎದ್ದುಹೋಗುವುದು ಕಷ್ಟ.

ಯೂಟ್ಯೂಬಿನಲ್ಲಿ ಬೇರೆ ಬೇರೆ ಮೇಳಗಳ ‘ಸಂಗ್ಯಾ ಬಾಳ್ಯಾ’ ಸಿಗುತ್ತವೆ. ಕ್ಯಾಮೆರಾ ಅಲುಗಾಡುತ್ತದೆ, ಮೈಕು ಕೂಗುತ್ತದೆ, ನಡುವೆ ಯಾರೋ ನೂರು ರೂಪಾಯಿ ಆಯೇರಿ ಮಾಡಿದ ಹೆಸರು ಕೂಗುತ್ತಾರೆ. ಇರಲಿ. ಒಂದೇ ರಾತ್ರಿ ಎರಡು ಮೇಳದ್ದು ಹಾಕಿಕೊಳ್ಳಿ. ಬಾಳ್ಯಾ ಬಂದು ಗೆಳೆಯನನ್ನು ಕರೆದುಕೊಂಡು ಹೊರಡುವ ಜಾಗ ಬಂದಾಗ ಸಂಗ್ಯಾನನ್ನು ನೋಡಬೇಡಿ, ಕರೆಯುವವನನ್ನು ನೋಡಿ. ಒಬ್ಬ ನಟ ಆ ಮಾತನ್ನು ಅವಸರದಲ್ಲಿ ಮುಗಿಸಿಬಿಡಬಹುದು. ಇನ್ನೊಬ್ಬ ‘ಬಾ’ ಅನ್ನುವ ಮೊದಲು ಒಂದು ಗಳಿಗೆ ನಿಲ್ಲಬಹುದು, ಹಿಮ್ಮೇಳದವರು ಅವನಿಗಾಗಿ ತಾಳ ತಡೆಹಿಡಿದು ಕಾಯುತ್ತಾರೆ.