ಕಣದ ಪಾಲು, ಮೊರದ ಅಕ್ಕಿ

ಮೊನ್ನೆ ಬ್ಯೂಟಿ ಪಾರ್ಲರಿನಲ್ಲಿ ನನ್ನ ಒಡೆದ ಹಿಮ್ಮಡಿಗಳನ್ನು ಮುಕ್ಕಾಲು ಗಂಟೆ ತಿಕ್ಕಿ ತೊಳೆದ ಹುಡುಗಿಗೆ ಏನು ಕೊಡಬೇಕೆಂದು ತೋಚದೆ ಪರ್ಸಿನೊಳಗೇ ಬೆರಳಾಡಿಸುತ್ತ ನಿಂತೆ. ಬಿಲ್ಲಿನ ಹಣ ಒಡತಿಗೆ ಹೋಗಿತ್ತು. ಇಪ್ಪತ್ತು ಕೊಟ್ಟರೆ ಜಿಪುಣಿ, ನೂರು ಕೊಟ್ಟರೆ ಜಂಬದವಳು, ಕೊಡದೇ ಬಂದರೆ ರಾತ್ರಿಯೆಲ್ಲ ಕಸಿವಿಸಿ.

ನನ್ನಜ್ಜಿಗೆ ಈ ಫಜೀತಿ ಇರಲಿಲ್ಲ. ತುಮಕೂರು ಕಡೆಯ ಅವಳ ಹಳ್ಳಿಯಲ್ಲಿ ಯಾರಿಗೆ ಎಷ್ಟೆಂಬುದು ಅವಳು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ರಾಗಿ ಒಕ್ಕಣೆಯಾಗಿ ಕಣದಲ್ಲಿ ರಾಶಿ ಬಿದ್ದಾಗ, ಕಾಳು ಮನೆ ಸೇರುವ ಮುಂಚೆ ಕ್ಷೌರದವನಿಗೆ, ಅಗಸನಿಗೆ, ಕಮ್ಮಾರನಿಗೆ ಇಷ್ಟಿಷ್ಟು ಕೊಳಗವೆಂದು ಅಳೆಯುತ್ತಿದ್ದರು. ಅದೇ ಆಯ, ಪಡೆಯುವವರು ಆಯಗಾರರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದಲ್ಲಿ ಇವರನ್ನು ಎಣಿಸಿದ್ದಾನೆ: ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ. ಹನ್ನೆರಡು ಮಂದಿ.

ಭಕ್ಷೀಸು ಪಾರಸಿಯಿಂದ, ಇನಾಮು ಅರಬ್ಬಿಯಿಂದ ಬಂದ ಮಾತು. ಎರಡರಲ್ಲೂ ಕೊಡುವವರ ಕೈಯೇ ಮೇಲೆ. ಆಯ ಹಾಗಲ್ಲ, ಅದು ಪಾಲು. ಬರದಿದ್ದರೆ ಕಣದಲ್ಲೇ ನಿಂತು ಕೇಳಬಹುದಿತ್ತು. ಹಾಗೆಂದು ಆ ಕಾಲವನ್ನು ಹೊಗಳಲು ನನಗೆ ಬಾಯಿ ಬಾರದು. ಕ್ಷೌರಿಕನ ಮಗ ಕ್ಷೌರಿಕನೇ ಆಗಬೇಕಿತ್ತು. ಈ ಕೆಲಸ ಒಲ್ಲೆ ಎನ್ನುವ ಹಕ್ಕು ಆ ಕೊಳಗದೊಳಗೆ ಇರಲಿಲ್ಲ.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಹೆಂಗಸು ಒಬ್ಬಳೂ ಇಲ್ಲ! ನನ್ನ ತಾಯಿಯನ್ನು ಈ ಲೋಕಕ್ಕೆ ತಂದ ಸೂಲಗಿತ್ತಿಗೆ ನಮ್ಮ ಕಣದಲ್ಲಿ ಪಾಲಿರಲಿಲ್ಲ. ಅವಳದೇನಿದ್ದರೂ ಹಿತ್ತಲ ಬಾಗಿಲ ಲೆಕ್ಕ: ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ. ಮಗು ಗಂಡಾದರೆ ಮೇಲೊಂದು ಸೀರೆ, ಹೆಣ್ಣಾದರೆ ರವಿಕೆ ಕಣ. ಅಮ್ಮ ಹುಟ್ಟಿದ್ದು ಎರಡು ಹಗಲು, ಒಂದು ರಾತ್ರಿಯ ಹೆರಿಗೆಯಲ್ಲಂತೆ. ಸೂಲಗಿತ್ತಿಗೆ ಸಿಕ್ಕಿದ್ದು ರವಿಕೆ ಕಣ. ಇದನ್ನು ಅಜ್ಜಿ ನಗುತ್ತಲೇ ಹೇಳುತ್ತಿದ್ದಳು, ನಾವೂ ನಗುತ್ತಿದ್ದೆವು.

ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂತು. ಅಗಸ, ಕ್ಷೌರಿಕರ ಕೆಲಸ ಕಾಯಿದೆಯ ಹಂಗಿಲ್ಲದೆ ಮೆಲ್ಲಮೆಲ್ಲಗೆ ನಗದಿಗೆ ತಿರುಗಿತು; ಕ್ಷೌರದಂಗಡಿಯ ಗೋಡೆಗೆ ದರಪಟ್ಟಿ ಬಂತು. ಮೊರದ ಲೆಕ್ಕ ಮಾತ್ರ ನಮ್ಮ ಅಡುಗೆಮನೆಗಳಲ್ಲಿ ಉಳಿದುಕೊಂಡಿತು: ಹಬ್ಬದ ಇನಾಮು, ಹಳೆ ಸೀರೆ, ಮಿಕ್ಕ ಸಾರು. 2004ರಲ್ಲಿ ಕರ್ನಾಟಕ ಸರ್ಕಾರ ಮನೆಗೆಲಸಕ್ಕೂ ಕನಿಷ್ಠ ವೇತನ ನಿಗದಿ ಮಾಡಿತು. ನಮ್ಮ ಬೀದಿಯಲ್ಲಿ ಆ ಸುದ್ದಿ ಯಾರ ಬಾಯಲ್ಲೂ ಬರಲಿಲ್ಲ. ನಮಗೆ ಅದು ಬೇಕಾಗಿರಲಿಲ್ಲ, ಅಷ್ಟೆ.

ಮೂರು ವರ್ಷ ಸಂಬಳ ಏರಿಸದೆ, ಪ್ರತಿ ದೀಪಾವಳಿಗೂ ಸೀರೆ ಕೊಟ್ಟು ಧಾರಾಳಿ ಎನಿಸಿಕೊಂಡವಳು ನಾನು. ನಾಲ್ಕನೆಯ ವರ್ಷ ನಮ್ಮ ಕೆಲಸದಾಕೆ ಸೀರೆಯನ್ನು ಮುಟ್ಟಿ ನೋಡಿ, ಟೇಬಲ್ಲಿನ ಮೇಲೆಯೇ ಇಟ್ಟಳು.

“ಇದು ಬ್ಯಾಡ ಅಮ್ಮಾವ್ರೆ. ಇದ್ರ ದುಡ್ಡು ಸಂಬ್ಳಕ್ಕೇ ಸೇರ್ಸಿ. ಸೀರೆ ನಿಮ್ಗೆ ಮನ್ಸು ಬಂದಾಗ ಕೊಡ್ತೀರಿ. ಸಂಬ್ಳ ಆದ್ರೆ ನಾನು ಕೇಳ್ಬೋದು.”

ನನಗೆ ಸಿಟ್ಟೇ ಬಂತು. ಎರಡು ದಿನ ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಸಂಬಳ ಏರಿಸಿದೆ. ಅವಳು ಎಣಿಸಿಕೊಂಡು ಸೆರಗಿಗೆ ಕಟ್ಟಿಕೊಂಡಳು. ಥ್ಯಾಂಕ್ಸ್ ಹೇಳಲಿಲ್ಲ.

ಪಾರ್ಲರಿನ ಹುಡುಗಿಗೆ ಐವತ್ತು ಕೊಟ್ಟೆ. ನಿನಗೆ ಸಂಬಳ ಎಷ್ಟು ಎಂದು ಕೇಳಬೇಕೆನಿಸಿತು. ಒಡತಿ ಪಕ್ಕದಲ್ಲೇ ನಿಂತಿದ್ದಳು, ಸುಮ್ಮನೆ ಮೆಟ್ಟಿಲಿಳಿದೆ.