ಪ್ರಮಾಣವಚನಕ್ಕೆ ಅಡ್ಡ ನಿಂತ ಸದನ



"ಯುದ್ಧದ ಟೈಮಲ್ಲಿ ಸರ್ಕಾರನ ಪ್ರಶ್ನೆ ಮಾಡೋರಿಗೆ ಎಲೆಕ್ಷನ್‌ಗೆ ನಿಲ್ಲೋ ಹಕ್ಕೇ ಇರಬಾರದು" ಅಂತ ಮೊನ್ನೆ ಒಬ್ಬರು ನನ್ನ ಹತ್ತಿರ ವಾದಕ್ಕೆ ಬಂದರು. ಜೂಲಿಯನ್ ಬಾಂಡ್ ಹೆಸರು ಕೇಳಿದೀರಾ ಅಂದೆ. ಕೇಳಿರಲಿಲ್ಲ. ಅದಕ್ಕೇ ಇದನ್ನ ಬರೀತಿದೀನಿ.

1966ರ ಜನವರಿ 3. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿ ಊರು. ಸ್ಯಾಮಿ ಯಂಗ್ ಎಂಬ 21ರ ಕಪ್ಪು ಯುವಕ ಪೆಟ್ರೋಲ್ ಬಂಕಿನಲ್ಲಿ ಬಿಳಿಯರ ಶೌಚಾಲಯ ಬಳಸಲು ಹೋದ. ಗುಂಡಿಟ್ಟು ಕೊಂದರು. ಅಮೆರಿಕದ ನೌಕಾಪಡೆಯಲ್ಲಿ ದುಡಿದು ಬಂದಿದ್ದ ಹುಡುಗ ಅವನು. ದೇಶ ಕಾಯೋಕೆ ಬೇಕು, ಶೌಚಾಲಯಕ್ಕೆ ಬೇಡ. ಕೆರೆ ನೀರಿಗೆ ಹೊಡೆತ ತಿಂದ ನಮಗೆ ಇದನ್ನ ಬಿಡಿಸಿ ಹೇಳಬೇಕಾ?

ಮೂರೇ ದಿನಕ್ಕೆ ಎಸ್‌ಎನ್‌ಸಿಸಿ ಎಂಬ ಕಪ್ಪು ಯುವಜನರ ಹೋರಾಟದ ಸಂಘಟನೆ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಹೇಳಿಕೆ ಕೊಟ್ಟಿತು. ಸ್ಯಾಮಿಯ ಕೊಲೆಗೂ ವಿಯೆಟ್ನಾಂ ಜನರ ಕೊಲೆಗೂ ವ್ಯತ್ಯಾಸ ಇಲ್ಲ ಎಂದಿತು. ಆ ಸಂಘಟನೆಯ ಪ್ರಚಾರದ ಕೆಲಸ ನೋಡುತ್ತಿದ್ದ ಬಾಂಡ್, ಹೇಳಿಕೆ ಬರೆದವನಲ್ಲ. ಆದರೆ ಪತ್ರಕರ್ತರು ಕೇಳಿದಾಗ ನನ್ನ ಒಪ್ಪಿಗೆ ಇದೆ ಅಂದ. ಅಷ್ಟೇ ಅವನ ಅಪರಾಧ.

ಅವನಾಗಲೇ ಜಾರ್ಜಿಯಾ ರಾಜ್ಯದ ಕೆಳಮನೆಗೆ ಅಟ್ಲಾಂಟಾದಿಂದ ಗೆದ್ದಿದ್ದ. ವಯಸ್ಸು, ಪೌರತ್ವ, ವಾಸ, ಯಾವ ಅರ್ಹತೆಯಲ್ಲೂ ಕೊರತೆ ಇರಲಿಲ್ಲ. ಪ್ರಮಾಣವಚನಕ್ಕೂ ತಯಾರಿದ್ದ. ಆದರೆ ಜನವರಿ 10ರಂದು ಅವನನ್ನು ಪಕ್ಕಕ್ಕೆ ನಿಲ್ಲಿಸಿ ವಿಚಾರಣೆ ಮಾಡಿದರು. ಸೇನಾ ಭರ್ತಿಯ ಕಾರ್ಡು ಸುಡಲು ನಾನು ಯಾರಿಗೂ ಹೇಳಿಲ್ಲ, ನನ್ನದು ಜೇಬಲ್ಲೇ ಇದೆ, ಬೇಕಾದರೆ ತೋರಿಸ್ತೀನಿ ಅಂದ. ಯಾರು ಕೇಳ್ತಾರೆ? ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣವನ್ನು ಇವನು ಮನಸಾರೆ ಮಾಡಲಾರ ಎಂದು ಇವರೇ ತೀರ್ಮಾನಿಸಿ, 184-12 ಮತಗಳಲ್ಲಿ ಹೊರಗಿಟ್ಟರು.

ಇದು ಎದುರು ಪಕ್ಷದ ಕೆಲಸ ಅಂದ್ಕೋಬೇಡಿ. ಯುದ್ಧ ನಡೆಸುತ್ತಿದ್ದ ಅಧ್ಯಕ್ಷ ಜಾನ್ಸನ್ ಡೆಮಾಕ್ರಾಟ್, ಸದನದ ಬಹುಮತ ಡೆಮಾಕ್ರಾಟರದ್ದು, ಬಾಂಡ್ ಕೂಡ ಡೆಮಾಕ್ರಾಟ್! ಉಳಿದ ಕಪ್ಪು ಸದಸ್ಯರಿಗೆ ಪ್ರಮಾಣವಚನ ಕೊಟ್ಟರು, ನಿಜ. ಹಾಗಾಗಿ "ಬಣ್ಣ ನೋಡಿಲ್ಲ" ಅನ್ನೋಕೂ ದಾರಿ ಇತ್ತು. ಬಾಯಿ ಮುಚ್ಚಿಕೊಂಡು ಕೂರುವವರಿಗೆ ಕುರ್ಚಿ ಕೊಡೋದು ನಮಗೇನು ಹೊಸದಲ್ಲ.

ಮಾರ್ಟಿನ್ ಲೂಥರ್ ಕಿಂಗ್ ಬೀದಿಗಿಳಿದರು. ತೆರವಾದ ಸ್ಥಾನಕ್ಕೆ ಫೆಬ್ರವರಿಯಲ್ಲಿ ಚುನಾವಣೆ ಇಟ್ಟರೆ ಜನ ಮತ್ತೆ ಬಾಂಡ್‌ನನ್ನೇ ಗೆಲ್ಲಿಸಿದರು. ಹೇಳಿಕೆ ಹಿಂದಕ್ಕೆ ತಗೊಳ್ಳಲ್ಲ ಅಂದ. ಮತ್ತೆ ಬಾಗಿಲು ಮುಚ್ಚಿದರು. ನವೆಂಬರಿನಲ್ಲಿ ಮೂರನೇ ಸಲ ಗೆದ್ದ. ಡಿಸೆಂಬರ್ 5ಕ್ಕೆ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಸರ್ವಾನುಮತದ್ದು. ಬರೆದವರು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್. ಪ್ರಮಾಣ ಮಾಡಿಸಬಹುದು, ಆದರೆ ಅದರ ನೆಪದಲ್ಲಿ ಬಹುಮತದವರು ಇನ್ನೊಬ್ಬನ ನಿಷ್ಠೆ ಅಳೆಯುವಂತಿಲ್ಲ. ಜನಪ್ರತಿನಿಧಿಗೆ ಸರ್ಕಾರದ ನೀತಿಯ ಬಗ್ಗೆ ಮಾತಾಡುವ ಪೂರ್ತಿ ಸ್ವಾತಂತ್ರ್ಯ ಇರಬೇಕು ಎಂದರು. ವಾಕ್ ಸ್ವಾತಂತ್ರ್ಯದ ಮೇಲೇ ತೀರ್ಪು ಕೊಟ್ಟ ಕೋರ್ಟು, ಬಾಂಡ್ ಎತ್ತಿದ್ದ ಉಳಿದ ಪ್ರಶ್ನೆಗಳನ್ನು ಮುಟ್ಟಲಿಲ್ಲ. ಬಣ್ಣದ ಪ್ರಶ್ನೆ ಹಾಗೇ ಉಳೀತು. ಅದೇ ಡಿಸೆಂಬರಿನಲ್ಲಿ, ಬರೀ ಬಿಳಿಯರೇ ಇದ್ದ ಜ್ಯೂರಿ ಸ್ಯಾಮಿಯನ್ನು ಕೊಂದವನನ್ನು ಬಿಟ್ಟು ಕಳಿಸಿತು.

1967ರ ಜನವರಿಯಲ್ಲಿ ಬಾಂಡ್ ಸದನದೊಳಗೆ ಹೋದ. ಮುಂದಿನ ವರ್ಷ ಶಿಕಾಗೋದ ಡೆಮಾಕ್ರಾಟ್ ಸಮಾವೇಶದಲ್ಲಿ ಅವನ ಹೆಸರನ್ನು ಉಪಾಧ್ಯಕ್ಷ ಸ್ಥಾನಕ್ಕೇ ಸೂಚಿಸಿಬಿಟ್ಟರು. ಸಂವಿಧಾನದ ಪ್ರಕಾರ 35 ವರ್ಷ ಆಗಿರಬೇಕು, ಇವನಿಗೆ 28. ಅವನೇ ಎದ್ದು ಹೆಸರು ವಾಪಸ್ ತಗೊಂಡ.